ಡೇಟಾಬೇಸ್‌ನಲ್ಲಿ ಲೇಖನ ಹುಡುಕುವುದನ್ನು ಕಲಿಸುವುದು: ಅಸೂಟಿಯ ಮಕ್ಕಳೊಂದಿಗೆ ಮೂರು ಅವಧಿ

ಪೀಠಿಕೆ

ಪ್ರೌಢಶಾಲೆಯಲ್ಲಿ ವಿಜ್ಞಾನದ ಯೋಜನಾ ಕಾರ್ಯವೆಂದರೆ ಒಂದು ಅಂದವಾದ ಪುಸ್ತಕ. ಬಣ್ಣದ ಹೊದಿಕೆ, ಸೈಬರ್ ಕೆಫೆಯಲ್ಲಿ ಮುದ್ರಿಸಿ ತಂದ ಚಿತ್ರಗಳು, ಹತ್ತು ಪುಟ ಬರಹ, ಕೊನೆಗೆ ‘ಉಪಸಂಹಾರ’. ಇದರಲ್ಲಿರುವ ಯಾವುದಾದರೂ ಒಂದು ವಾಕ್ಯದ ಮೇಲೆ ಬೆರಳಿಟ್ಟು ‘ಈ ಮಾತು ನಿನಗೆ ಎಲ್ಲಿಂದ ಗೊತ್ತಾಯಿತು?’ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ಗೂಗಲ್‌ನ್ಯಾಗ ಬಂತ್ರಿ.’ ಯಾರು ಹೇಳಿದರು, ಯಾವಾಗ ಹೇಳಿದರು, ಎಷ್ಟು ಬಾವಿಗಳ ನೀರು ನೋಡಿ ಹೇಳಿದರು ಎಂಬ ಪ್ರಶ್ನೆಗಳು ಮಗುವಿನ ಮನಸ್ಸಿಗೆ ಬಂದಿರುವುದಿಲ್ಲ. ಬಿ.ಇಡಿ.ಯಲ್ಲಿ ನಾವು ಬರೆಯುವ ನಿಯೋಜಿತ ಕಾರ್ಯ ಮತ್ತು ಕ್ರಿಯಾ ಸಂಶೋಧನೆಯ ವರದಿಗಳಲ್ಲೂ ಈ ಪ್ರಶ್ನೆಗಳು ಅಪರೂಪವೇ.

ನನ್ನ ಊರು ರೋಣ ತಾಲ್ಲೂಕಿನ ಅಸೂಟಿ. ಇಂಟರ್ನ್‌ಶಿಪ್ ಅವಧಿಯಲ್ಲಿ ನಾನು ಪಾಠ ಮಾಡಿದ ಒಂಬತ್ತನೆಯ ತರಗತಿಗೆ ಅಸೂಟಿ ಮತ್ತು ಸುತ್ತಲಿನ ಊರುಗಳ ಮಕ್ಕಳು ಬರುತ್ತಾರೆ. ‘ನಮ್ಮ ಊರಿನ ಕುಡಿಯುವ ನೀರು’ ಎಂಬ ಯೋಜನಾ ಕಾರ್ಯವನ್ನು ನೆಪವಾಗಿಟ್ಟುಕೊಂಡು ಗ್ರಂಥಾಲಯದ ಡೇಟಾಬೇಸ್‌ಗಳಲ್ಲಿ ಲೇಖನ ಹುಡುಕುವುದನ್ನು ಮೂರು ಅವಧಿಗಳಲ್ಲಿ ಕಲಿಸಿದೆ. ಆ ಪಾಠದ ಯೋಜನೆ, ತರಗತಿಯಲ್ಲಿ ನಡೆದದ್ದು ಮತ್ತು ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದಾದ ಸೂಚನೆಗಳನ್ನು ಇಲ್ಲಿ ಬರೆದಿದ್ದೇನೆ.

ವಿಷಯದ ಆಯ್ಕೆ

ಗದಗ ಜಿಲ್ಲೆಯಲ್ಲಿ ನೀರಿನ ವಿಷಯವೆಂದರೆ ಫ್ಲೋರೈಡ್ ಬರಲೇಬೇಕು. ಮುಂಡರಗಿ ತಾಲ್ಲೂಕಿನ ಅಂತರ್ಜಲದ ಫ್ಲೋರೈಡ್ ಕುರಿತು ಪ್ರಕಟಿತ ಅಧ್ಯಯನಗಳಿವೆ. ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆ ಇರುವವರನ್ನು ನಮ್ಮ ಭಾಗದ ಮಕ್ಕಳೆಲ್ಲ ನೋಡಿದ್ದಾರೆ. ಕುಡಿಯುವ ನೀರಿನ ಭಾರತೀಯ ಮಾನಕ ಐ.ಎಸ್. 10500ರ 2012ರ ಆವೃತ್ತಿಯ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1.0 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5 ಮಿಲಿಗ್ರಾಂ ಎನ್ನುತ್ತದೆ.

ಈ ವಿಷಯವನ್ನು ಆರಿಸಲು ಎರಡು ಕಾರಣ. ಮೊದಲನೆಯದು, ಇದರ ಬಗ್ಗೆ ಮನೆಮನೆಯಲ್ಲೂ ಒಂದು ಅಭಿಪ್ರಾಯ ಇದೆ, ಎಲ್ಲವೂ ಸರಿಯಲ್ಲ. ಎರಡನೆಯದು, ರಸಾಯನಶಾಸ್ತ್ರ, ಭೂವಿಜ್ಞಾನ, ದಂತವೈದ್ಯ, ಸಾರ್ವಜನಿಕ ಆರೋಗ್ಯ ಹೀಗೆ ಬೇರೆ ಬೇರೆ ಶಾಸ್ತ್ರದವರು ಇದರ ಬಗ್ಗೆ ಬರೆದಿದ್ದಾರೆ. ಹಾಗಾಗಿ ಯಾವ ಪ್ರಶ್ನೆಗೆ ಯಾವ ಡೇಟಾಬೇಸ್ ಎಂಬುದನ್ನು ತೋರಿಸಲು ಇದು ತಕ್ಕ ವಿಷಯ.

ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಯು

1. ವಿಶಾಲವಾದ ವಿಷಯವನ್ನು ಹುಡುಕಲು ಬರುವಂಥ ಪ್ರಶ್ನೆಯಾಗಿ ಮಾಡುತ್ತಾನೆ/ಳೆ.
2. ಪ್ರಶ್ನೆಯಲ್ಲಿರುವ ಮುಖ್ಯ ಪದಗಳನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ಕನ್ನಡ ಮತ್ತು ಇಂಗ್ಲಿಷ್ ಪರ್ಯಾಯಗಳನ್ನು ಪಟ್ಟಿ ಮಾಡುತ್ತಾನೆ/ಳೆ.
3. ಪದಗಳನ್ನು ಜೋಡಿಸಿ ಹುಡುಕಿ, ಬಂದ ಫಲಿತಾಂಶವನ್ನು ನೋಡಿ ಹುಡುಕಾಟವನ್ನು ತಿದ್ದುತ್ತಾನೆ/ಳೆ.
4. ಲೇಖನದ ಸಾರಾಂಶ ಓದಿ ಅದು ಎಲ್ಲಿಯದು, ಯಾವಾಗಿನದು, ಹೇಗೆ ಅಳೆದದ್ದು ಎಂದು ಹೇಳುತ್ತಾನೆ/ಳೆ.
5. ಲೇಖನ ಹೇಳಿದ್ದಕ್ಕಿಂತ ಹೆಚ್ಚನ್ನು ಅದರ ಹೆಸರಿನಲ್ಲಿ ಹೇಳದೆ ಬರೆಯುತ್ತಾನೆ/ಳೆ.

ಇವುಗಳಲ್ಲಿ ಐದನೆಯದು ಕಷ್ಟದ್ದು. ಉಳಿದ ನಾಲ್ಕೂ ಅದಕ್ಕಾಗಿಯೇ ಇವೆ.

ಪೂರ್ವಸಿದ್ಧತೆ: ಯಾವ ಡೇಟಾಬೇಸ್ ಯಾವುದಕ್ಕೆ

ಗ್ರಂಥಾಲಯದ ಡೇಟಾಬೇಸ್ ಎಂದರೆ ಲೇಖನಗಳ ಶೀರ್ಷಿಕೆ, ಲೇಖಕರು, ಪತ್ರಿಕೆ, ವರ್ಷ, ಸಾರಾಂಶ, ವಿಷಯಪದ ಇವುಗಳನ್ನು ಒಂದೊಂದು ಕಾಲಂನಲ್ಲಿ ಇಟ್ಟಿರುವ ದಾಖಲೆಗಳ ಕೋಶ. ಶಾಲಾ ಗ್ರಂಥಾಲಯದ ದಾಖಲಾತಿ ಪುಸ್ತಕವನ್ನು ಮಕ್ಕಳ ಮುಂದೆ ತೆರೆದಿಟ್ಟು, ‘ಇದೇ ಪುಸ್ತಕ ಲಕ್ಷಾಂತರ ಸಾಲು ಉದ್ದವಾದರೆ?’ ಎಂದರೆ ಅವರಿಗೆ ಅರ್ಥವಾಗುತ್ತದೆ. ಸಾಮಾನ್ಯ ಸರ್ಚ್ ಎಂಜಿನ್ ಅಂಗಡಿಯ ಜಾಹೀರಾತನ್ನೂ ಸಂಶೋಧನೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಡೇಟಾಬೇಸ್‌ನಲ್ಲಿ ಏನು ಸೇರಬೇಕೆಂಬುದಕ್ಕೆ ಒಂದು ನಿಯಮ ಇರುತ್ತದೆ.

ತರಗತಿಗೆ ಹೋಗುವ ಮೊದಲು ಕಾಲೇಜಿನ ಗ್ರಂಥಪಾಲಕರ ನೆರವಿನಿಂದ ಕೆಳಗಿನ ಪಟ್ಟಿ ಮಾಡಿಕೊಂಡೆ. ಇವುಗಳಲ್ಲಿ ಹೆಚ್ಚಿನವು ಹಣ ಕೊಡದೆ ಬಳಸಬಹುದಾದವು.

ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ: ಐ.ಐ.ಟಿ. ಖರಗ್‌ಪುರ ನಡೆಸುತ್ತಿರುವುದು, 2018ರ ಜೂನ್‌ನಲ್ಲಿ ರಾಷ್ಟ್ರಕ್ಕೆ ಅರ್ಪಣೆಯಾಯಿತು. ಶಾಲಾ ಪಠ್ಯದಿಂದ ಸಂಶೋಧನಾ ಲೇಖನದವರೆಗೆ ಒಂದೇ ಕಿಟಕಿಯಲ್ಲಿ ಹುಡುಕಬಹುದು. ಮಕ್ಕಳ ಮೊದಲ ಹುಡುಕಾಟಕ್ಕೆ ಇದು ಅನುಕೂಲ.

ಶೋಧಗಂಗಾ: ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳ ಭಂಡಾರ. ಜಿಲ್ಲೆ, ತಾಲ್ಲೂಕಿನ ಮಟ್ಟದ ಮಾಹಿತಿ ಪತ್ರಿಕೆಗಳಿಗಿಂತ ಇಲ್ಲಿ ಹೆಚ್ಚು ಸಿಗುತ್ತದೆ. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಇವೆ.

ಕೃಷಿಕೋಶ: ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧ ಮತ್ತು ವರದಿಗಳಿಗೆ. ಮಣ್ಣು, ಹಿಂಗಾರಿ ಜೋಳ, ಕಡಲೆ, ನೀರಾವರಿ ಇಂಥ ವಿಷಯ ತೆಗೆದುಕೊಂಡವರು ಇಲ್ಲಿಗೆ ಮೊದಲು ಹೋಗಬೇಕು.

ಪಬ್‌ಮೆಡ್: ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ್ದು. ಹಲ್ಲು, ಮೂಳೆ, ಆರೋಗ್ಯದ ಪ್ರಶ್ನೆಗಳಿಗೆ.

ಡಿ.ಒ.ಎ.ಜೆ.: ಮುಕ್ತವಾಗಿ ಓದಲು ಸಿಗುವ ಪತ್ರಿಕೆಗಳ ಕೋಶ, 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದದ್ದು. ಇಲ್ಲಿ ಸಿಕ್ಕಿದ ಲೇಖನ ಪೂರ್ತಿ ತೆರೆಯುತ್ತದೆ. ‘ಹಣ ಕಟ್ಟಿ’ ಎನ್ನುವ ಗೋಡೆ ಅಡ್ಡ ಬರುವುದಿಲ್ಲ.

ಎರಿಕ್: ಶಿಕ್ಷಣಶಾಸ್ತ್ರದ ಲೇಖನಗಳಿಗೆ, 1960ರ ದಶಕದಿಂದ ಅಮೆರಿಕದ ಶಿಕ್ಷಣ ಇಲಾಖೆಯ ಕಡೆಯಿಂದ ನಡೆದುಬಂದಿದೆ. ಇದು ಮಕ್ಕಳಿಗಲ್ಲ, ನಮಗೆ. ಕ್ರಿಯಾ ಸಂಶೋಧನೆಯ ವಿಷಯ ಹಿಡಿದವರು ಮೊದಲು ಇದನ್ನು ನೋಡಬೇಕು.

ಇವಲ್ಲದೆ ಬೆಂಗಳೂರಿನಿಂದ 1932ರಿಂದ ಹೊರಬರುತ್ತಿರುವ ‘ಕರೆಂಟ್ ಸೈನ್ಸ್’ ಮತ್ತು ಭಾರತೀಯ ವಿಜ್ಞಾನ ಅಕಾಡೆಮಿಯ ‘ರೆಸೊನೆನ್ಸ್’ ಪತ್ರಿಕೆಗಳ ಹಳೆಯ ಸಂಚಿಕೆಗಳು ಜಾಲತಾಣದಲ್ಲಿವೆ. 1996ರಲ್ಲಿ ಆರಂಭವಾದ ‘ರೆಸೊನೆನ್ಸ್’ ವಿದ್ಯಾರ್ಥಿ ಮತ್ತು ಶಿಕ್ಷಕರಿಗಾಗಿಯೇ ಇರುವ ಪತ್ರಿಕೆ. ಪಾಠದ ಸಿದ್ಧತೆಗೆ ಬಹಳ ಒಳ್ಳೆಯದು.

ಹಣ ಕೊಟ್ಟು ಪಡೆಯಬೇಕಾದ ಪತ್ರಿಕೆಗಳ ಬಗ್ಗೆ ಒಂದು ಮಾತು. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2024ರ ನವೆಂಬರ್‌ನಲ್ಲಿ ಸಚಿವ ಸಂಪುಟದ ಒಪ್ಪಿಗೆ ಸಿಕ್ಕಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 2025ರ ಜನವರಿಯಿಂದ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಇದು ದೊರೆಯುತ್ತಿದೆ. ನಿಮ್ಮ ಕಾಲೇಜು ಈ ಪಟ್ಟಿಯಲ್ಲಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿ. ಈ ಒಂದು ಪ್ರಶ್ನೆ ಕೇಳದೆ ಇದ್ದುದರಿಂದಲೇ ಸಿಗಬಹುದಾದ ಲೇಖನ ಎಷ್ಟೋ ಜನರಿಗೆ ಸಿಕ್ಕಿರುವುದಿಲ್ಲ.

ಶಾಲೆಯಲ್ಲಿ ನನ್ನ ಬಳಿ ಇದ್ದ ಸಲಕರಣೆ: ಒಂದು ಲ್ಯಾಪ್‌ಟಾಪ್, ಮೊಬೈಲ್ ಇಂಟರ್‌ನೆಟ್, ಮತ್ತು ಮುದ್ರಿಸಿದ ಕಾಗದಗಳು. ನೆಟ್‌ವರ್ಕ್ ನಂಬಿ ಪಾಠ ನಿಲ್ಲಿಸಬಾರದೆಂದು ಐದು ಬೇರೆ ಬೇರೆ ಹುಡುಕಾಟಗಳ ಮೊದಲ ಪುಟವನ್ನು ಗುಂಪಿಗೆ ಒಂದರಂತೆ ಮುದ್ರಿಸಿಕೊಂಡು ಹೋಗಿದ್ದೆ.

ಮೊದಲ ಅವಧಿ: ವಿಷಯದಿಂದ ಪ್ರಶ್ನೆಗೆ

ತೊಡಗಿಸಿಕೊಳ್ಳುವ ಹಂತದಲ್ಲಿ ಕಪ್ಪುಹಲಗೆಯ ಮೇಲೆ ‘ನೀರು’ ಎಂದಷ್ಟೇ ಬರೆದು, ಇದರ ಬಗ್ಗೆ ನಿಮಗೆ ಏನು ತಿಳಿಯಬೇಕು ಎಂದು ಕೇಳಿದೆ. ‘ಬೋರಿನ ನೀರು ಯಾಕ ಸಪ್ಪಗ ಇರ್ತೈತ್ರಿ?’, ‘ನೀರು ಕಾಸಿ ಕುಡದ್ರ ಫ್ಲೋರೈಡ್ ಹೊಕ್ಕೈತೇನ್ರಿ ಟೀಚರ್?’, ‘ಶುದ್ಧ ನೀರಿನ ಘಟಕದ ನೀರು ಕುಡದ್ರ ಹಲ್ಲಿನ ಕಲೆ ಹೋಗ್ತಾವೇನ್ರಿ?’ ಹೀಗೆ ಪ್ರಶ್ನೆಗಳು ಬಂದವು. ಎಲ್ಲವನ್ನೂ ಮಕ್ಕಳ ಮಾತಿನಲ್ಲೇ ಬರೆದೆ. ಪಠ್ಯದ ಭಾಷೆಗೆ ತಿರುಗಿಸುವ ಅವಸರ ಮಾಡಲಿಲ್ಲ; ಕೇಳಿದ ಮಗುವಿಗೆ ಅದು ತನ್ನ ಪ್ರಶ್ನೆಯಾಗಿಯೇ ಉಳಿಯಬೇಕು.

ಇಲ್ಲಿಯೇ ತರಗತಿಯ ಒಂದು ನಿಯಮ ಹೇಳಿದೆ: ಈ ಯೋಜನೆಯಲ್ಲಿ ಯಾರೂ ಯಾರ ಹಲ್ಲನ್ನೂ ನೋಡಿ ಎಣಿಸಬಾರದು, ಯಾರ ಹೆಸರನ್ನೂ ಬರೆಯಬಾರದು. ಹಲ್ಲಿನ ಕಲೆ ಇರುವ ಮಕ್ಕಳು ಅದೇ ತರಗತಿಯಲ್ಲಿ ಕುಳಿತಿರುತ್ತಾರೆ. ನಗುವಾಗ ಕೈ ಅಡ್ಡ ಹಿಡಿಯುವ ಅಭ್ಯಾಸ ಅವರಿಗೆ ಇರುತ್ತದೆ. ಅವರನ್ನು ಉದಾಹರಣೆ ಮಾಡಿ ಕಲಿಸುವ ವಿಜ್ಞಾನ ನಮಗೆ ಬೇಡ. ಬೇರೆಯವರು ಒಪ್ಪಿಗೆ ಪಡೆದು, ಎಚ್ಚರಿಕೆಯಿಂದ ಮಾಡಿದ ಅಧ್ಯಯನ ಪ್ರಕಟವಾಗಿರುವಾಗ ಅದನ್ನು ಓದಿ ತಿಳಿಯುವುದೇ ಸರಿಯಾದ ದಾರಿ. ಲೇಖನ ಏಕೆ ಹುಡುಕಬೇಕು ಎಂಬುದಕ್ಕೆ ಮಕ್ಕಳಿಗೆ ಕೊಟ್ಟ ಮೊದಲ ಉತ್ತರ ಇದು.

ಅನಂತರ ಪ್ರತಿ ಗುಂಪು ಒಂದು ಪ್ರಶ್ನೆ ಆರಿಸಿ, ಅದರಲ್ಲಿರುವ ಮುಖ್ಯ ಪದಗಳ ಕೆಳಗೆ ಗೆರೆ ಎಳೆಯಿತು. ‘ಗದಗ ಜಿಲ್ಲೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ?’ ಎಂಬ ಪ್ರಶ್ನೆಯಲ್ಲಿ ಮೂರು ಪದ: ಊರು, ನೀರು, ವಸ್ತು. ಪ್ರತಿ ಪದಕ್ಕೂ ಒಂದು ಕಾಲಂ ಮಾಡಿ ಅದಕ್ಕಿರುವ ಬೇರೆ ಹೆಸರುಗಳನ್ನು ಬರೆಯಿಸಿದೆ. ನೀರಿನ ಕಾಲಂನಲ್ಲಿ ಗ್ರೌಂಡ್‌ವಾಟರ್, ಡ್ರಿಂಕಿಂಗ್ ವಾಟರ್, ಬೋರ್‌ವೆಲ್, ಟ್ಯೂಬ್‌ವೆಲ್. ವಸ್ತುವಿನ ಕಾಲಂನಲ್ಲಿ ಫ್ಲೋರೈಡ್, ಫ್ಲೋರೋಸಿಸ್, ಡೆಂಟಲ್ ಫ್ಲೋರೋಸಿಸ್.

ಕಾಗುಣಿತವೂ ಇಲ್ಲಿಯೇ ಪಾಠವಾಯಿತು. ಫ್ಲೋರೈಡ್ ಎಂಬುದನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ಎಲ್ ಆದ ಮೇಲೆ ಯು, ಆಮೇಲೆ ಓ ಬರಬೇಕು. ಅವು ಅದಲುಬದಲಾದರೆ ಮೊದಲ ಭಾಗ ‘ಹಿಟ್ಟು’ ಎಂಬ ಪದವಾಗಿ ಬಿಡುತ್ತದೆ. ‘ಹಿಟ್ಟಿನ ಗಿರಣಿ ಅಲ್ಲ, ಮೊದಲು ಯು’ ಎಂದು ಮಕ್ಕಳೇ ಒಂದು ನೆನಪಿನ ಸೂತ್ರ ಮಾಡಿಕೊಂಡರು.

ಊರಿನ ಕಾಲಂ ತುಂಬುವಾಗ ಸಮಾಜ ವಿಜ್ಞಾನ ನೆರವಿಗೆ ಬಂತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಧಾರವಾಡ ಜಿಲ್ಲೆಯ ಭಾಗ. ಹಾಗಾಗಿ 1990ರ ಲೇಖನವನ್ನು ‘ಗದಗ ಜಿಲ್ಲೆ’ ಎಂದು ಹುಡುಕಿದರೆ ಸಿಗುವುದಿಲ್ಲ, ‘ಧಾರವಾಡ’ ಎನ್ನಬೇಕು. ಆ ಹೆಸರನ್ನೂ ಇಂಗ್ಲಿಷ್‌ನಲ್ಲಿ ಎರಡು ರೀತಿ ಬರೆಯುತ್ತಾರೆ. ಹಳೆಯ ಬರಹದಲ್ಲಿ ಕೊನೆಯ ಅಕ್ಷರ ಡಿ ಅಲ್ಲ, ಆರ್. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕಿಂತ ಹಳೆಯದಕ್ಕೆ ‘ಮೈಸೂರು’. ಗಜೇಂದ್ರಗಡ ಈಚೆಗೆ ರೋಣದಿಂದ ಬೇರೆಯಾಗಿ ತಾಲ್ಲೂಕಾಯಿತು. ಅಲ್ಲಿನ ಊರುಗಳ ಹಳೆಯ ಮಾಹಿತಿ ರೋಣದ ಹೆಸರಿನಲ್ಲೇ ಇರುತ್ತದೆ. ಇದೇ ಮಾತಿಗೆ ಇನ್ನೊಂದು ಸಾಕ್ಷಿ: ಭಾರತದಲ್ಲಿ ಫ್ಲೋರೋಸಿಸ್ ಬಗ್ಗೆ ಪ್ರಸಿದ್ಧವಾದ ಮೊದಲ ವರದಿ 1937ರದು, ಈಗಿನ ಆಂಧ್ರಪ್ರದೇಶದ ನೆಲ್ಲೂರು ಭಾಗದ್ದು. ಆದರೆ ಅದರ ಶೀರ್ಷಿಕೆಯಲ್ಲಿ ಇರುವುದು ಮದ್ರಾಸ್ ಪ್ರೆಸಿಡೆನ್ಸಿ.

ಎರಡನೆಯ ಅವಧಿ: ಜೋಡಿಸುವುದು, ಹುಡುಕುವುದು, ತಿದ್ದುವುದು

ಡೇಟಾಬೇಸ್‌ಗಳಲ್ಲಿ ಪದಗಳನ್ನು ಜೋಡಿಸಲು ಆ್ಯಂಡ್, ಆರ್, ನಾಟ್ ಎಂಬ ಮೂರು ಕೊಂಡಿಗಳಿವೆ. ಇವು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಗಣಿತಜ್ಞ ಜಾರ್ಜ್ ಬೂಲ್ ಅವರ ತರ್ಕದಿಂದ ಬಂದವು. ಗಣಿತದಲ್ಲಿ ಗಣಗಳ ಛೇದನ, ಸಂಯೋಗ ಕಲಿತ ಮಕ್ಕಳಿಗೆ ಇದು ಹೊಸದಲ್ಲ.

ಆದರೆ ಕನ್ನಡದಲ್ಲಿ ಹೇಳುವಾಗ ಒಂದು ಎಚ್ಚರ ಬೇಕು. ಮಕ್ಕಳನ್ನೇ ನಿಲ್ಲಿಸಿ ಆಡಿಸಿದ ಆಟದಲ್ಲಿ ಇದು ಚೆನ್ನಾಗಿ ಕಂಡಿತು. ‘ಮನೆಯಲ್ಲಿ ಎಮ್ಮೆ ಇದ್ದವರು ಮತ್ತು ಆಕಳು ಇದ್ದವರು ಎದ್ದು ನಿಲ್ಲಿ’ ಎಂದಾಗ ಎಮ್ಮೆ ಮಾತ್ರ ಇದ್ದವರೂ ನಿಂತರು, ಆಕಳು ಮಾತ್ರ ಇದ್ದವರೂ ನಿಂತರು. ಮಾತಿನ ಪ್ರಕಾರ ಅವರು ಮಾಡಿದ್ದು ಸರಿಯೇ. ನಮ್ಮ ಮಾತಿನ ‘ಮತ್ತು’ ಎರಡು ಗುಂಪನ್ನು ಕೂಡಿಸುತ್ತದೆ. ಡೇಟಾಬೇಸ್‌ನ ಆ್ಯಂಡ್ ಎರಡೂ ಇರುವವರನ್ನಷ್ಟೇ ಉಳಿಸಿಕೊಳ್ಳುತ್ತದೆ. ಆದ್ದರಿಂದ ಆ್ಯಂಡ್ ಅನ್ನು ‘ಮತ್ತು’ ಎಂದು ಅನುವಾದಿಸದೆ ‘ಎರಡೂ ಇದ್ದವರು’ ಎಂದೂ, ಆರ್ ಅನ್ನು ‘ಯಾವುದಾದರೂ ಒಂದಾದರೂ ಇದ್ದವರು’ ಎಂದೂ, ನಾಟ್ ಅನ್ನು ‘ಇದು ಇದ್ದವರು ಬೇಡ’ ಎಂದೂ ಕಲಿಸಿದೆ. ‘ಎಮ್ಮೆ, ಆಕಳು ಎರಡೂ ಇದ್ದವರು’ ಎಂದಾಗ ನಿಂತವರು ಕಡಿಮೆಯಾದರು. ‘ಯಾವುದಾದರೂ ಒಂದಾದರೂ’ ಎಂದಾಗ ಹೆಚ್ಚಾದರು. ಒಂದು ಕೊಂಡಿ ಫಲಿತಾಂಶವನ್ನು ಕುಗ್ಗಿಸುತ್ತದೆ, ಇನ್ನೊಂದು ಹಿಗ್ಗಿಸುತ್ತದೆ ಎಂಬುದನ್ನು ಅವರು ಕಾಲ ಮೇಲೆ ನಿಂತೇ ಕಲಿತರು.

ಇಲ್ಲಿಂದ ಸೂತ್ರ ಸುಲಭ: ಒಂದೇ ಕಾಲಂ ಒಳಗಿನ ಪದಗಳ ನಡುವೆ ಆರ್, ಕಾಲಂ ಮತ್ತು ಕಾಲಂ ನಡುವೆ ಆ್ಯಂಡ್.

ಅನ್ವೇಷಣೆಯ ಹಂತದಲ್ಲಿ ಗುಂಪುಗಳು ಸರದಿಯಂತೆ ಲ್ಯಾಪ್‌ಟಾಪ್ ಬಳಿ ಬಂದವು. ಉಳಿದವರು ಮುದ್ರಿತ ಪುಟಗಳನ್ನು ನೋಡಿ ಗುರುತು ಹಾಕುತ್ತಿದ್ದರು. ಪ್ರತಿ ಹುಡುಕಾಟವನ್ನೂ ಒಂದು ಪಟ್ಟಿಯಲ್ಲಿ ಬರೆಯಬೇಕು: ಎಲ್ಲಿ ಹುಡುಕಿದೆವು, ಏನು ಟೈಪ್ ಮಾಡಿದೆವು, ಎಷ್ಟು ಬಂದವು, ಮೊದಲ ಹತ್ತರಲ್ಲಿ ನಮಗೆ ಬೇಕಾದವು ಎಷ್ಟು, ಮುಂದೆ ಏನು ಬದಲಿಸಬೇಕು. ಪಾಠದ ಜೀವ ಈ ಪಟ್ಟಿಯಲ್ಲಿದೆ. ಮೂರು ಉದಾಹರಣೆ ಕೊಡುತ್ತೇನೆ.

ಒಂದು ಗುಂಪು ಗೂಗಲ್ ಸ್ಕಾಲರ್‌ನಲ್ಲಿ ‘ರೋಣ’ವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ, ಜೊತೆಗೆ ನೀರು ಎಂದು ಸೇರಿಸಿತು. ‘ಟೀಚರ್, ಇದು ಯಾರೋ ರಾನ್ ಅನ್ನೋ ಮನಷ್ಯಾನ ಹೆಸರೈತ್ರಿ’ ಎಂದ ಒಬ್ಬ ಹುಡುಗ. ನಿಜ; ಇಂಗ್ಲಿಷ್‌ನಲ್ಲಿ ನಮ್ಮ ತಾಲ್ಲೂಕು ಒಬ್ಬ ವ್ಯಕ್ತಿಯ ಹೆಸರಿನಂತೆಯೇ ಇದೆ, ಲೇಖಕರ ಕಾಲಂನಲ್ಲಿ ಅಂಥವರು ಬೇಕಾದಷ್ಟು ಜನ. ಪರಿಹಾರವನ್ನೂ ಮಕ್ಕಳೇ ಹೇಳಿದರು: ಜೊತೆಗೆ ಗದಗ ಎಂದು ಸೇರಿಸುವುದು, ‘ರೋಣ ತಾಲ್ಲೂಕು’ ಎಂಬ ಎರಡು ಪದವನ್ನು ಉದ್ಧರಣ ಚಿಹ್ನೆಯೊಳಗೆ ಒಟ್ಟಿಗೆ ಇಡುವುದು.

ಎರಡನೆಯ ಗುಂಪು ಧಾರವಾಡದ ಹಳೆಯ ಕಾಗುಣಿತ ಹಾಕಿತು. ಬಂದದ್ದೆಲ್ಲ ಕಲ್ಲು, ಬಂಡೆ, ಚಿನ್ನದ ನಿಕ್ಷೇಪ. ಏಕೆಂದರೆ ಭೂವಿಜ್ಞಾನದಲ್ಲಿ ‘ಧಾರವಾಡ’ ಎಂಬುದು ಬಹಳ ಪ್ರಾಚೀನವಾದ ಶಿಲೆಗಳ ಹೆಸರು. ಈ ಫಲಿತಾಂಶವನ್ನು ಬಿಸಾಡದೆ ಎರಡು ನಿಮಿಷ ಅದರ ಮೇಲೆ ನಿಂತೆವು. ಗ್ರಾನೈಟ್, ನೈಸ್‌ನಂಥ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಿಂದಲೇ ಫ್ಲೋರೈಡ್ ನೀರಿಗೆ ಕರಗಿ ಬರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದು ಬೈಕಾರ್ಬನೇಟ್ ಹೆಚ್ಚಿದ್ದರೆ ಅದು ನೀರಿನಲ್ಲೇ ಉಳಿಯುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ನಮ್ಮಂಥ ಸೀಮೆಯಲ್ಲಿ ಸಾಂದ್ರತೆ ಏರುತ್ತದೆ. ಬಂಡೆಗೂ ಬೋರಿಗೂ ಇರುವ ಸಂಬಂಧ ಹೀಗೆ ತಿಳಿಯಿತು.

ಮೂರನೆಯ ಗುಂಪು ಪದದ ಬೇರನ್ನು ಬರೆದು ನಕ್ಷತ್ರ ಚಿಹ್ನೆ ಹಾಕುವುದನ್ನು ಪ್ರಯತ್ನಿಸಿತು. ಪಬ್‌ಮೆಡ್‌ನಂಥ ಕಡೆ ಹೀಗೆ ಮಾಡಿದರೆ ಆ ಬೇರಿನಿಂದ ಹುಟ್ಟಿದ ಪದಗಳೆಲ್ಲ ಬರುತ್ತವೆ. ‘ಫ್ಲೋರ್’ ಎಂದಷ್ಟೇ ಬರೆದು ನಕ್ಷತ್ರ ಹಾಕಿದರೆ ಫ್ಲೋರೈಡ್ ಜೊತೆಗೆ ಫ್ಲೋರೆಸೆಂಟ್ ಬಣ್ಣಗಳೂ ಬಂದವು. ಬೇರನ್ನು ‘ಫ್ಲೋರಿಡ್’ವರೆಗೆ ಉದ್ದ ಮಾಡಿದಾಗ ಫ್ಲೋರೈಡ್, ಫ್ಲೋರೈಡೇಶನ್ ಮಾತ್ರ ಉಳಿದವು. ಗೂಗಲ್ ಸ್ಕಾಲರ್‌ನಲ್ಲಿ ನಕ್ಷತ್ರ ಹೀಗೆ ಕೆಲಸ ಮಾಡುವುದಿಲ್ಲ. ಪ್ರತಿ ಡೇಟಾಬೇಸ್‌ನ ಸಹಾಯ ಪುಟವನ್ನು ಒಮ್ಮೆ ಓದಬೇಕೆಂಬುದಕ್ಕೆ ಇದೇ ಉದಾಹರಣೆ.

ಕೊನೆಗೆ ಒಂದು ಹುಡುಗಿ ಕೇಳಿದಳು: ‘ಅಸೂಟಿ ಅಂತ ಹಾಕಿದ್ರ ಏನೂ ಬರವಲ್ದಲ್ರಿ ಟೀಚರ್. ಹಂಗಾರ ನಮ್ಮೂರ ನೀರು ಚಲೋ ಐತಿ ಅಂತನ್ರಿ?’

ಆ ಅವಧಿ ಮುಗಿಯಲು ಐದು ನಿಮಿಷ ಉಳಿದಿತ್ತು. ಉತ್ತರ ಹೇಳದೆ, ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಮನೆಗೆಲಸವಾಗಿ ಕೊಟ್ಟೆ.

ಮೂರನೆಯ ಅವಧಿ: ಸಾರಾಂಶ ಓದುವುದು, ಅಳತೆ ಮೀರದೆ ಬರೆಯುವುದು

ಮರುದಿನ ಆ ಪ್ರಶ್ನೆಯಿಂದಲೇ ಆರಂಭ. ಒಂದು ಗುಂಪು ಒಳ್ಳೆಯ ಹೋಲಿಕೆ ತಂದಿತ್ತು: ‘ಡಾಕ್ಟರ್ ನಮ್ಮ ಮನೀಗೆ ಬಂದಿಲ್ಲ ಅಂದ್ರ ನಮಗ ಜಡ್ಡಿಲ್ಲ ಅಂತ ಅಲ್ರಿ.’ ಲೇಖನ ಇಲ್ಲ ಎಂದರೆ ಅಳೆದು ಪ್ರಕಟಿಸಿದವರು ಇಲ್ಲ ಎಂದಷ್ಟೇ ಅರ್ಥ. ಫ್ಲೋರೈಡ್ ಇದೆ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಈ ಮೂರನೆಯ ಸ್ಥಿತಿಗೆ ಹೆಸರು ಕೊಡುವುದನ್ನು ನಮ್ಮ ಪಠ್ಯಗಳು ಅಷ್ಟಾಗಿ ಕಲಿಸುವುದಿಲ್ಲ. ಡೇಟಾಬೇಸ್‌ನ ಖಾಲಿ ಪುಟ ಅದನ್ನು ಕಲಿಸಿತು.

ಅನಂತರ ಸಾರಾಂಶ ಓದುವ ಕೆಲಸ. ಇಂಗ್ಲಿಷ್ ಸಾರಾಂಶ ಕನ್ನಡ ಮಾಧ್ಯಮದ ಮಕ್ಕಳಿಗೆ ಕಷ್ಟ. ಪೂರ್ತಿ ಅನುವಾದ ಮಾಡಿಕೊಟ್ಟರೆ ಹುಡುಕುವ ಕೆಲಸ ನಮ್ಮದಾಗುತ್ತದೆ. ಆದ್ದರಿಂದ ಐದು ಪ್ರಶ್ನೆ ಕೊಟ್ಟು, ಉತ್ತರ ಇರುವ ಪದದ ಮೇಲೆ ಮಾತ್ರ ಗೆರೆ ಎಳೆಯಲು ಹೇಳಿದೆ:

1. ಯಾವ ಊರು ಅಥವಾ ಪ್ರದೇಶ?
2. ಯಾವ ವರ್ಷ ಮಾದರಿ ತೆಗೆದರು, ಯಾವ ವರ್ಷ ಪ್ರಕಟಿಸಿದರು?
3. ಎಷ್ಟು ಬಾವಿ ಅಥವಾ ಎಷ್ಟು ಜನ?
4. ಯಾವ ಸಂಖ್ಯೆ ಬಂತು, ಅದರ ಮಾನ ಯಾವುದು?
5. ಯಾವ ಪತ್ರಿಕೆ, ಬರೆದವರು ಯಾವ ಸಂಸ್ಥೆಯವರು?

ಊರಿನ ಹೆಸರು, ಇಸವಿ ಮತ್ತು ಸಂಖ್ಯೆ ಇವು ಭಾಷೆ ದಾಟಿ ಕಾಣುತ್ತವೆ. ಹಾಗಾಗಿ ಇಂಗ್ಲಿಷ್ ಅಂಜಿಕೆ ಇದ್ದವರೂ ಕೆಲಸ ಮಾಡಿದರು. ಕೆಲವು ಲೇಖನಗಳಲ್ಲಿ ಲೀಟರಿಗೆ ಮಿಲಿಗ್ರಾಂ, ಕೆಲವದರಲ್ಲಿ ಪಿಪಿಎಂ ಇರುತ್ತದೆ. ಸಾಮಾನ್ಯ ಕುಡಿಯುವ ನೀರಿನ ಮಟ್ಟಿಗೆ ಎರಡೂ ಒಂದೇ ಎಂದು ಲೀಟರ್ ನೀರಿನ ತೂಕದಿಂದ ಲೆಕ್ಕ ಮಾಡಿ ತೋರಿಸಿದೆ.

ವ್ಯಾಪ್ತಿಯ ಪಾಠಕ್ಕೆ ಒಂದು ಉದಾಹರಣೆ ಒದಗಿತು. ಕರ್ನಾಟಕದ ಅಂತರ್ಜಲದಲ್ಲಿ ಫ್ಲೋರೈಡ್ ಸ್ಥಿತಿಯ ಬಗ್ಗೆ 1999ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಒಂದು ಲೇಖನ ಬಂದಿದೆ. ಅದು ಇಡೀ ರಾಜ್ಯದ್ದು, ಕಾಲು ಶತಮಾನ ಹಳೆಯದು. ಮುಂಡರಗಿ ತಾಲ್ಲೂಕಿನ ಅಧ್ಯಯನಗಳು ನಮಗೆ ಹತ್ತಿರದವು, ಆದರೆ ಮುಂಡರಗಿ ರೋಣವಲ್ಲ. ಎರಡನ್ನೂ ಉಪಯೋಗಿಸಬಹುದು; ಎರಡನ್ನೂ ‘ನಮ್ಮೂರ ನೀರು’ ಎಂದು ಬರೆಯಲಾಗದು.

ಮಕ್ಕಳ ಮೂಲ ಪ್ರಶ್ನೆಗಳಿಗೆ ಉತ್ತರಗಳೂ ಸಿಕ್ಕವು. ನೀರು ಕಾಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಆರ್.ಒ. ಘಟಕ ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತದೆ. ಸ್ಫಟಿಕ ಮತ್ತು ಸುಣ್ಣ ಬಳಸುವ, ನಾಗ್ಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನವೂ ಇದೆ. ಹಲ್ಲಿನ ಕಲೆಯ ವಿಷಯದಲ್ಲಿ ಒಂದು ಮುಖ್ಯ ಸಂಗತಿ ತಿಳಿಯಿತು: ದಂತಕವಚ ರೂಪುಗೊಳ್ಳುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ, ಕುಡಿದ ನೀರಿನಿಂದ ಈ ಕಲೆ ಬರುತ್ತದೆ. ಆಮೇಲೆ ನೀರು ಬದಲಿಸಿದರೆ ಬಂದ ಕಲೆ ಹೋಗುವುದಿಲ್ಲ. ಒಂಬತ್ತನೆಯ ತರಗತಿಯ ಮಗುವಿನ ಹಲ್ಲು ಇಂದಿನ ನೀರಿನ ಕಥೆ ಹೇಳುವುದಿಲ್ಲ, ಅದು ಅಂಗನವಾಡಿಗೆ ಹೋಗುತ್ತಿದ್ದಾಗ ಯಾವ ಊರಲ್ಲಿತ್ತೋ ಅಲ್ಲಿನ ನೀರಿನ ಕಥೆ ಹೇಳುತ್ತದೆ. ಇದು ತಿಳಿದ ಮೇಲೆ ಒಂದು ಗುಂಪು ತಾನಾಗಿಯೇ ‘ಹಲ್ಲು ತಿಕ್ಕದಿದ್ದರೆ ಹೀಗಾಗುತ್ತದೆ’ ಎಂಬ ವಾಕ್ಯವನ್ನು ತನ್ನ ಕರಡಿನಿಂದ ಹೊಡೆದುಹಾಕಿತು. ಕಲೆ ಇರುವ ಮಗುವಿನ ಮೇಲಿನ ಒಂದು ಸುಳ್ಳು ಆರೋಪ ಆ ಗೆರೆಯ ಕೆಳಗೆ ಹೋಯಿತು.

ಮೌಲ್ಯಮಾಪನ

ಯೋಜನಾ ಪುಸ್ತಕದ ಅಂದಕ್ಕೆ ಅಂಕ ಇಡಲಿಲ್ಲ. ಇಪ್ಪತ್ತು ಅಂಕಗಳನ್ನು ಹೀಗೆ ಹಂಚಿದೆ:

ಪ್ರಶ್ನೆ ಸ್ಪಷ್ಟವಾಗಿದೆಯೇ: 3
ಪದಗಳ ಪಟ್ಟಿ, ಹಳೆಯ ಮತ್ತು ಪರ್ಯಾಯ ಹೆಸರುಗಳೊಂದಿಗೆ: 4
ಹುಡುಕಾಟದ ದಾಖಲೆ, ಕನಿಷ್ಠ ಮೂರು ಸಲ ತಿದ್ದಿದ್ದು: 5
ಒಂದು ಸಾರಾಂಶಕ್ಕೆ ಐದು ಪ್ರಶ್ನೆಗಳ ಉತ್ತರ: 4
ಕೊನೆಯ ವಾಕ್ಯ ಸಿಕ್ಕ ಸಾಕ್ಷ್ಯಕ್ಕೆ ತಕ್ಕಷ್ಟಿದೆಯೇ: 4

ಹುಡುಕಾಟದ ದಾಖಲೆಗೆ ಹೆಚ್ಚು ಅಂಕ ಇಟ್ಟದ್ದು ಉದ್ದೇಶಪೂರ್ವಕ. ಏನೂ ಸಿಗದ ಹುಡುಕಾಟಕ್ಕೂ ಅಂಕ ಇದೆ ಎಂದು ತಿಳಿದಾಗ ಮಕ್ಕಳು ಅದನ್ನು ಮುಚ್ಚಿಡುವುದಿಲ್ಲ.

ಮೊದಲ ದಿನ ಒಂದು ಗುಂಪಿನ ಕರಡು ‘ನಮ್ಮ ಊರಿನ ನೀರಿನಲ್ಲಿ ಫ್ಲೋರೈಡ್ ಬಹಳ ಇದೆ’ ಎಂದಿತ್ತು. ಕೊನೆಯ ಪ್ರತಿಯಲ್ಲಿ ಇದ್ದದ್ದು: ‘ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ ಮಾಡಿದ ಅಧ್ಯಯನಗಳಲ್ಲಿ ಕೆಲವು ಬಾವಿಗಳ ಫ್ಲೋರೈಡ್ ಮಿತಿಗಿಂತ ಹೆಚ್ಚು ಎಂದಿದೆ. ನಮ್ಮ ಊರಿನ ಬಗ್ಗೆ ನಮಗೆ ಲೇಖನ ಸಿಗಲಿಲ್ಲ. ಪರೀಕ್ಷೆ ಮಾಡಿಸಬೇಕು.’ ಇದರ ಮುಂದಿನ ಹೆಜ್ಜೆಯನ್ನೂ ಅವರೇ ಕೇಳಿದರು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳಲ್ಲಿ ನೀರು ಪರೀಕ್ಷಿಸುವ ಕ್ಷೇತ್ರ ಕಿಟ್‌ಗಳಿವೆ, ಪರೀಕ್ಷೆಯ ಫಲಿತಾಂಶ ಹಾಕುವ ಜಾಲತಾಣವೂ ಇದೆ. ಕೇಂದ್ರ ಅಂತರ್ಜಲ ಮಂಡಳಿ ಜಿಲ್ಲಾವಾರು ಕಿರುಹೊತ್ತಗೆ ಪ್ರಕಟಿಸುತ್ತದೆ. ನೀರು ಪರೀಕ್ಷಿಸಿ, ಫಲಿತಾಂಶವನ್ನು ಶಾಲೆಯ ಸೂಚನಾ ಫಲಕಕ್ಕೆ ಕೊಡಬೇಕೆಂದು ಗ್ರಾಮ ಪಂಚಾಯಿತಿಗೆ ಒಂದು ವಿನಂತಿ ಪತ್ರವನ್ನು ಕನ್ನಡ ಅವಧಿಯಲ್ಲಿ ಮಕ್ಕಳು ಬರೆದರು. ಪತ್ರ ಲೇಖನದ ಅಭ್ಯಾಸವೂ ಆಯಿತು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

1. ಈ ಪಾಠ ಮಾಡುವ ಮೊದಲು ನಿಮ್ಮ ಊರಿನ ಹೆಸರನ್ನು ಇಂಗ್ಲಿಷ್‌ನಲ್ಲಿ ಎಷ್ಟು ರೀತಿ ಬರೆಯುತ್ತಾರೆ, ಹಿಂದೆ ಯಾವ ತಾಲ್ಲೂಕು, ಜಿಲ್ಲೆ, ಪ್ರಾಂತ್ಯದಲ್ಲಿತ್ತು ಎಂದು ನೋಡಿಕೊಳ್ಳಿ. ಗಡಿಭಾಗದ ಊರುಗಳಿಗೆ ಇದು ಇನ್ನೂ ಮುಖ್ಯ.

2. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದನ್ನೇ ಬಾಗಿಲು ಮಾಡಿಕೊಳ್ಳಿ. ಅದರ ಕೊನೆಯ ಆಕರ ಪಟ್ಟಿ ಹಿಂದಕ್ಕೆ ಕರೆದೊಯ್ಯುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಅದನ್ನು ಉಲ್ಲೇಖಿಸಿದವರ ಪಟ್ಟಿ ಮುಂದಕ್ಕೆ ಕರೆದೊಯ್ಯುತ್ತದೆ. ಅದರಲ್ಲಿರುವ ವಿಷಯಪದಗಳನ್ನು ನಿಮ್ಮ ಕಾಲಂಗೆ ಸೇರಿಸಿ.

3. ಮುದ್ರಣವಾದದ್ದೆಲ್ಲ ಪರಿಶೀಲನೆಯಾದದ್ದಲ್ಲ. ಹಣ ಪಡೆದು ಏನನ್ನಾದರೂ ಪ್ರಕಟಿಸುವ ಪತ್ರಿಕೆಗಳಿವೆ. ಇವುಗಳನ್ನು ತಡೆಯಲು ಯು.ಜಿ.ಸಿ. 2019ರಲ್ಲಿ ಕೇರ್ ಪಟ್ಟಿ ತಂದಿತ್ತು. 2025ರಲ್ಲಿ ಅದನ್ನು ಕೈಬಿಟ್ಟಿದೆ. ಈಗ ತೂಗಿ ನೋಡುವ ಹೊಣೆ ಹೆಚ್ಚಾಗಿ ಓದುವವರ ಮೇಲಿದೆ. ಮೇಲೆ ಹೇಳಿದ ಐದು ಪ್ರಶ್ನೆಗಳಿಗೆ ಉತ್ತರ ಕೊಡದ ಲೇಖನವನ್ನು ಬದಿಗಿಡಿ.

4. ಸಾರಾಂಶ ಮಾತ್ರ ಓದಿ ‘ಲೇಖನ ಓದಿದೆ’ ಎಂದು ಬರೆಯಬೇಡಿ. ಮಕ್ಕಳ ಪುಸ್ತಕದಲ್ಲಿ ನಾವು ‘ಸಾರಾಂಶ ನೋಡಿದ್ದು’ ಎಂದೇ ಬರೆಯಿಸಿದೆವು. ನಮ್ಮ ಕ್ರಿಯಾ ಸಂಶೋಧನೆಯ ವರದಿಗೂ ಇದೇ ಪದ್ಧತಿ ಇರಲಿ.

5. ಇಂಟರ್‌ನೆಟ್ ಇಲ್ಲದ ಶಾಲೆಯಲ್ಲೂ ಈ ಪಾಠ ಸಾಧ್ಯ. ಪ್ರಶ್ನೆ ಮಾಡುವುದು, ಕಾಲಂ ತುಂಬುವುದು, ಎಮ್ಮೆ ಆಕಳ ಆಟ, ಮುದ್ರಿತ ಪುಟ ತೂಗುವುದು ಇವಕ್ಕೆ ಕರೆಂಟೂ ಬೇಡ. ಕಂಪ್ಯೂಟರ್ ಇರುವ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಅಂದರೆ ಅರಿವು ಕೇಂದ್ರಗಳಲ್ಲಿ, ಉಳಿದದ್ದನ್ನು ಮುಂದುವರಿಸಬಹುದು.

6. ಗ್ರಂಥಪಾಲಕರನ್ನು ಪಾಠದ ಸಿದ್ಧತೆಯಲ್ಲಿಯೇ ಸೇರಿಸಿಕೊಳ್ಳಿ. ಓದುಗರ ಸಮಯ ಉಳಿಸುವುದು ಗ್ರಂಥಾಲಯದ ಧರ್ಮ ಎಂದು ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ಒಂದಾಗಿ ಹೇಳಿದ್ದಾರೆ. ಅರ್ಧ ಗಂಟೆ ಅವರ ಪಕ್ಕ ಕುಳಿತರೆ ನಮ್ಮ ಎರಡು ದಿನ ಉಳಿಯುತ್ತದೆ.

ಉಪಸಂಹಾರ

ಮೂರು ಅವಧಿಯಲ್ಲಿ ಒಂಬತ್ತನೆಯ ತರಗತಿಯವರು ಸಂಶೋಧಕರಾಗುವುದಿಲ್ಲ. ಅವರು ತೆರೆದು ನೋಡಿದ ಲೇಖನಗಳೂ ಕೆಲವೇ. ಆದರೆ ಒಂದು ಮಾತಿಗೆ ಹಿಂದೆ ಒಂದು ಊರು, ಒಂದು ವರ್ಷ, ಎಣಿಸಿದ ಬಾವಿಗಳು ಮತ್ತು ಹೆಸರು ಹೇಳಿ ನಿಂತ ಒಬ್ಬ ವ್ಯಕ್ತಿ ಇರಬೇಕು ಎಂಬುದು ಅವರಿಗೆ ತಿಳಿಯಿತು. ಮುಂದೆ ಬೀಜದ ಅಂಗಡಿಯಲ್ಲಿ, ಔಷಧದ ಅಂಗಡಿಯಲ್ಲಿ, ಮೊಬೈಲ್‌ಗೆ ಬರುವ ಸಂದೇಶಗಳ ಮುಂದೆ ಅವರಿಗೆ ಬೇಕಾಗುವುದು ಇದೇ ತಿಳಿವಳಿಕೆ.

ಇದೇ ಚೌಕಟ್ಟನ್ನು ಬೇರೆ ವಿಷಯಗಳಿಗೂ ಬಳಸಬಹುದು: ಎರೆಭೂಮಿಯ ತೇವ, ಹಿಂಗಾರಿ ಜೋಳದ ತಳಿಗಳು, ಮಲಪ್ರಭೆಯ ನೆರೆ. ಮಾಡಿದವರು ಮಕ್ಕಳ ಹುಡುಕಾಟದ ದಾಖಲೆಯ ಒಂದು ಪುಟವನ್ನಾದರೂ ಈ ಪತ್ರಿಕೆಗೆ ಕಳಿಸಿದರೆ, ಯಾವ ಊರಿನಲ್ಲಿ ಯಾವ ಪದಕ್ಕೆ ಏನು ಸಿಕ್ಕಿತು ಎಂಬ ಒಂದು ಪಟ್ಟಿಯನ್ನು ನಾವೆಲ್ಲ ಸೇರಿ ಬೆಳೆಸಬಹುದು.